ಬೆಳಗಾದರೆ ಗೂಡಿನ ಗೋಡೆ ಒದ್ದೆ: ಗಾಳಿಕಿಂಡಿ ಎಲ್ಲಿರಬೇಕು, ಎಷ್ಟಿರಬೇಕು?

ಪ್ರಶ್ನೆ: ಹಿತ್ತಿಲಿನಲ್ಲಿ 8 ಅಡಿ ಉದ್ದ, 4 ಅಡಿ ಅಗಲ, 6 ಅಡಿ ಎತ್ತರದ ಹಲಗೆಯ ಗೂಡು ಕಟ್ಟಿ ಎಂಟು ಹೇಂಟೆಗಳನ್ನು ಸಾಕಿದ್ದೇನೆ. ಇರುವುದು ಒಂದೇ ಸಣ್ಣ ಕಿಟಕಿ. ಚಳಿಗೆ ಹೆದರಿ ರಾತ್ರಿ ಅದನ್ನೂ ಮುಚ್ಚುತ್ತೇನೆ. ಬೆಳಗ್ಗೆ ಬಾಗಿಲು ತೆರೆದರೆ ಕಣ್ಣು ಉರಿಯುವಂಥ ವಾಸನೆ ಬರುತ್ತದೆ, ಗೋಡೆಯ ಒಳಮೈ ಒದ್ದೆಯಾಗಿರುತ್ತದೆ. ಕಿಂಡಿಗಳನ್ನು ಕೊರೆಸಿದರೆ ಕೋಳಿಗಳಿಗೆ ಶೀತವಾಗುವುದಿಲ್ಲವೇ?

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ನಿಮ್ಮ ಕೋಳಿಗಳಿಗೆ ಈಗ ತೊಂದರೆ ಕೊಡುತ್ತಿರುವುದು ಚಳಿಯಲ್ಲ, ಹೊರಹೋಗಲು ದಾರಿಯಿಲ್ಲದ ತೇವ. ಬೆಳೆದ ಹೇಂಟೆಯೊಂದು ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ಎಂಟು ಸೇರಿದರೆ ಎರಡು ಲೀಟರಿನ ಹತ್ತಿರ. ಅದರಲ್ಲಿ ಬಹುಪಾಲು ಉಸಿರಿನ ಆವಿಯಾಗಿಯೂ ಹಿಕ್ಕೆಯಾಗಿಯೂ ಹೊರಬರುತ್ತದೆ, ಹಿಕ್ಕೆಯಲ್ಲಂತೂ ಮುಕ್ಕಾಲು ಪಾಲು ನೀರೇ. ಒದ್ದೆಯಾದ ಹಾಸಿನಲ್ಲಿ ಬ್ಯಾಕ್ಟೀರಿಯಾಗಳು ಹಿಕ್ಕೆಯ ಯೂರಿಕ್ ಆಮ್ಲವನ್ನು ಒಡೆದು ಅಮೋನಿಯಾ ಮಾಡುತ್ತವೆ. ನಿಮ್ಮ ಕಣ್ಣುರಿಗೆ ಕಾರಣ ಅದೇ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯಾ 25 ಭಾಗವನ್ನು ಮೀರಬಾರದೆಂಬುದು ಕೋಳಿಸಾಕಣೆಯಲ್ಲಿ ಸಾಮಾನ್ಯವಾಗಿ ಹೇಳುವ ಮಿತಿ. ಮೀರಿದರೆ ಶ್ವಾಸನಾಳದ ಒಳಪದರದಲ್ಲಿ ಧೂಳನ್ನೂ ರೋಗಾಣುಗಳನ್ನೂ ಹೊರದೂಡುವ ಸೂಕ್ಷ್ಮ ರೋಮಗಳು ಹಾಳಾಗಿ, ಸಾಮಾನ್ಯ ಸೋಂಕೂ ಬಲಿಯುತ್ತದೆ. ಬಾಗಿಲಲ್ಲಿ ನಿಂತ ನಿಮಗೇ ಕಣ್ಣು ಉರಿಯುತ್ತದೆಂದರೆ, ಇಡೀ ರಾತ್ರಿ ಹಿಕ್ಕೆಯ ಮೇಲೆಯೇ ಕುಳಿತಿರುವ ಕೋಳಿಗಳ ಪಾಡನ್ನು ದಯವಿಟ್ಟು ಯೋಚಿಸಿ.

ಕೋಳಿಯ ಮೈಯ ಬಿಸಿ 41 ಡಿಗ್ರಿ ಸೆಲ್ಸಿಯಸ್ ಮೀರಿಯೇ ಇರುತ್ತದೆ, ಪುಕ್ಕ ಉಬ್ಬಿಸಿಕೊಂಡು ಒತ್ತಾಗಿ ಕುಳಿತರೆ ಒಣ ಚಳಿಯನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ. ಹಿಮ ಬೀಳುವಷ್ಟು ಶೀತವಿರುವ ಕಡೆ ಜುಟ್ಟು ಮರಗಟ್ಟುವುದೂ ತೇವ ತುಂಬಿದ ಗೂಡಿನಲ್ಲೇ ಹೆಚ್ಚು. ಅದು ತಾಳಲಾರದ್ದು ಕುಳಿತ ಜಾಗದಲ್ಲಿ ನೇರವಾಗಿ ಮೈಗೆ ಬಡಿದು ಪುಕ್ಕವನ್ನು ಬಿಡಿಸುವ ಗಾಳಿಯನ್ನು. ಆದ್ದರಿಂದ ಕಿಂಡಿಗಳು ಕೋಳಿಗಳ ತಲೆಗಿಂತ ಕನಿಷ್ಠ ಒಂದು ಅಡಿ ಮೇಲಿರಲಿ, ಎದುರುಬದುರು ಗೋಡೆಗಳಲ್ಲಿರಲಿ. ಬಿಸಿಯಾಗಿ ಮೇಲೇರಿದ ತೇವದ ಗಾಳಿ ಸೂರಿನಡಿಯಿಂದಲೇ ಹೊರಟುಹೋಗುತ್ತದೆ, ಕೆಳಗಿನ ಗಾಳಿ ನಿಶ್ಚಲವಾಗಿ ಉಳಿಯುತ್ತದೆ.

ಅಳತೆಗೆ ಕೋಳಿಯೊಂದಕ್ಕೆ ಒಂದು ಚದರ ಅಡಿ ತೆರಪು ಎಂಬ ರೂಢಿಯ ಲೆಕ್ಕವನ್ನು ನಾನು ಒಪ್ಪುತ್ತೇನೆ. ಹೆಚ್ಚಾದರೆ ಮುಚ್ಚಬಹುದು, ಕಡಿಮೆಯಾದರೆ ಮತ್ತೆ ಗೋಡೆ ಕೊಯ್ಯಬೇಕಾಗುತ್ತದೆ. ನಿಮ್ಮ ಗೂಡಿನಲ್ಲಿ ಇದು ಸುಲಭ: 8 ಅಡಿ ಉದ್ದದ ಎರಡೂ ಗೋಡೆಗಳಲ್ಲಿ ಮಾಡಿಗೆ ತಾಗಿದಂತೆ ಅರ್ಧ ಅಡಿ ಎತ್ತರದ ಪಟ್ಟಿಯನ್ನು ಉದ್ದಕ್ಕೂ ತೆಗೆಸಿದರೆ ಸರಿಯಾಗಿ 8 ಚದರ ಅಡಿಯಾಗುತ್ತದೆ. ಕೋಳಿಗಳು ಕೂರುವ ಅಡ್ಡಕೋಲು ನೆಲದಿಂದ ಎರಡು ಅಥವಾ ಎರಡೂವರೆ ಅಡಿಯಲ್ಲಿದ್ದರೆ, ತಲೆಗೂ ಕಿಂಡಿಗೂ ಬೇಕಾದಷ್ಟು ಅಂತರವಿರುತ್ತದೆ. ಮಾಡನ್ನು ಒಂದು ಅಡಿಯಾದರೂ ಹೊರಚಾಚಿಸಿದರೆ ಎರಚಲು ಒಳಬರುವುದು ಕಡಿಮೆಯಾಗುತ್ತದೆ. ಕಿಂಡಿಗೆ ಅರ್ಧ ಇಂಚಿನ ಕಣ್ಣಿನ ಗಟ್ಟಿ ಬೆಸುಗೆ ಜಾಲರಿಯನ್ನೇ ಹಾಕಿಸಿ. ಷಟ್ಕೋನ ಕಣ್ಣಿನ ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಬೇಟೆಯಾಡುವ ಪ್ರಾಣಿಯನ್ನು ತಡೆಯುವುದಿಲ್ಲ. ಸೊಳ್ಳೆಪರದೆಯೂ ಬೇಡ, ಅದರ ಕಣ್ಣುಗಳಲ್ಲಿ ಧೂಳು ಕಟ್ಟಿಕೊಂಡು ಕಿಂಡಿ ಹೆಸರಿಗಷ್ಟೇ ಉಳಿಯುತ್ತದೆ.

ಬಿರುಗಾಳಿಯ ರಾತ್ರಿಗಳಿಗಾಗಿ ಗಾಳಿ ಬೀಸುವ ಬದಿಯ ಪಟ್ಟಿಗೆ ಕೀಲಿನ ಹಲಗೆ ಇರಲಿ, ಆದರೆ ಇನ್ನೊಂದು ಬದಿಯನ್ನು ಎಂದೂ ಮುಚ್ಚಬೇಡಿ. ಬೇಸಗೆಯಲ್ಲಿ ಈಗಿನ ಕಿಟಕಿಯನ್ನೂ ಜಾಲರಿ ಹಾಕಿ ತೆರೆದಿಡಿ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ, ಏದುಸಿರಿನಿಂದಲೇ ಅದು ಮೈ ತಂಪು ಮಾಡಿಕೊಳ್ಳಬೇಕು, ಸುತ್ತಲಿನ ಗಾಳಿ ತೇವವಾಗಿದ್ದರೆ ಆ ಉಪಾಯವೂ ಫಲಿಸುವುದಿಲ್ಲ. ಅಡ್ಡಕೋಲಿನ ಕೆಳಗೆ ಹಲಗೆಯೊಂದನ್ನಿಟ್ಟು ರಾತ್ರಿಯ ಹಿಕ್ಕೆಯನ್ನು ದಿನವೂ ಬಳಿದು ತೆಗೆದರೆ ಕಿಂಡಿಗಳ ಮೇಲಿನ ಹೊರೆ ಬಹಳ ಇಳಿಯುತ್ತದೆ.

ಕೆಲಸ ಮುಗಿದ ಮೇಲೆ ಅಡ್ಡಕೋಲಿಗೆ ಗೇಣುದ್ದದ ನೂಲಿನ ಎಳೆಯೊಂದನ್ನು ಇಳಿಬಿಟ್ಟು, ಗಾಳಿಯಿರುವ ಸಂಜೆ ಬಾಗಿಲು ಮುಚ್ಚಿ ಒಳಗೆ ಕುಳಿತು ನೋಡಿ. ಎಳೆ ಓಲಾಡಿದರೆ ಆ ಎತ್ತರದಲ್ಲಿ ಎಲ್ಲೋ ಹಲಗೆಗಳ ನಡುವೆ ಸಂದಿಯಿದೆ. ಅದನ್ನು ಮುಚ್ಚಿ, ಮೇಲಿನ ಪಟ್ಟಿಯನ್ನಲ್ಲ.