ಫ್ರಾನ್ಸ್‌ನಲ್ಲಿ ಕ್ಲೈಂಬಿಂಗ್: ಹೆಸರು ಕಮ್ಮಿ ಇರೋ ಜಾಗ ಆರಿಸೋದು ಹೇಗೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾವಿಬ್ರು ಫ್ರೆಂಡ್ಸ್, ಬೆಂಗಳೂರಿನವರು. ರಾಮನಗರದಲ್ಲಿ ವೀಕೆಂಡ್ ಹತ್ತುತ್ತೀವಿ, ಚಳಿಗಾಲದಲ್ಲಿ ಬಾದಾಮಿಗೆ ಹೋಗ್ತೀವಿ. 6ಎ ಗ್ರೇಡ್ (ರೂಟ್ ಎಷ್ಟು ಕಷ್ಟ ಅನ್ನೋ ಅಳತೆ, ಮೇಲೆ ಹೋದಷ್ಟೂ ಕಷ್ಟ) ಆರಾಮಾಗಿ ಲೀಡ್ ಮಾಡ್ತೀವಿ, ಅಂದ್ರೆ ರೋಪನ್ನ ನಾವೇ ಮೇಲಕ್ಕೆ ತಗೊಂಡು ಹತ್ತುತ್ತೀವಿ, 6ಬಿ ಒದ್ದಾಡ್ಕೊಂಡು ಆಗುತ್ತೆ. ಅಕ್ಟೋಬರ್‌ನಲ್ಲಿ ಎರಡು ವಾರ ಫ್ರಾನ್ಸ್‌ಗೆ ಹೋಗೋ ಪ್ಲಾನ್. ಎಲ್ರೂ ಸೇಯೂಸ್, ವೆರ್ದೋನ್‌ನಂಥ ಹೆಸರಾದ ಕ್ಲೈಂಬಿಂಗ್ ಜಾಗಗಳನ್ನೇ ಹೇಳ್ತಾರೆ, ನಮಗೆ ಜನ ಕಮ್ಮಿ ಇರೋ ಕಡೆ ಹೋಗ್ಬೇಕು ಅಂತ ಆಸೆ. ಆರು ಜಾಗ ಲಿಸ್ಟ್ ಮಾಡಿದೀವಿ, ಒಂದೊಂದು ಕಡೆ ಎರಡೆರಡು ದಿನ. ನಡೆಯುತ್ತಾ? ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಡ್ರೈವಿಂಗ್ ಬರುತ್ತೆ.

ಆಸೆ ತುಂಬಾ ಸರಿಯಾಗಿದೆ, ಲಿಸ್ಟ್ ಮಾತ್ರ ಬೇಡ. ಆರು ಜಾಗ ತೆಗೆದು ಒಂದು ಮಾಡಿ, ತೀರಾ ಮನಸ್ಸು ಕೇಳ್ಲಿಲ್ಲ ಅಂದ್ರೆ ಎರಡು. ಯಾಕಂದ್ರೆ ಹೊಸ ಬಂಡೆಗೆ ಹೋದ ಮೊದಲ ದಿನ ಎಲ್ಲಿ ಪಾರ್ಕ್ ಮಾಡೋದು, ಕಾಲುದಾರಿ ಎಲ್ಲಿ ಕವಲೊಡೆಯುತ್ತೆ, ನಮ್ಮ ಲೆವೆಲ್‌ನ ರೂಟ್ ಯಾವ ಮೂಲೆಯಲ್ಲಿದೆ, ಅಲ್ಲಿ ಬಿಸಿಲು ಎಷ್ಟೊತ್ತಿಗೆ ಬೀಳುತ್ತೆ ಅಂತ ನೋಡೋದ್ರಲ್ಲೇ ಅರ್ಧ ಮುಗಿಯುತ್ತೆ, ಎರಡನೇ ದಿನ ಕೈಕಾಲು ಆ ಕಲ್ಲಿಗೆ ಹೊಂದ್ಕೊಳ್ಳೋಕೆ ಶುರು ಮಾಡುತ್ತೆ, ಅಷ್ಟರಲ್ಲಿ ನೀವು ಬ್ಯಾಗ್ ಕಟ್ತಿರ್ತೀರ. ಹೆಸರಿಲ್ಲದ ಜಾಗಗಳಲ್ಲಂತೂ ಇದು ಇನ್ನೂ ಜಾಸ್ತಿ, ದಾರಿ ಕೇಳೋಣ ಅಂದ್ರೂ ಬೇರೆ ಕ್ಲೈಂಬರ್ಸ್ ಇರಲ್ಲ.

ಇನ್ನೊಂದು ಸಮಾಧಾನದ ಮಾತು. ಸೇಯೂಸ್ ಬಿಟ್ರೆ ನಿಮ್ಮ ಗ್ರೇಡ್‌ನವರಿಗೆ ದೊಡ್ಡ ನಷ್ಟ ಏನಿಲ್ಲ. 2001ರಲ್ಲಿ ಅಮೆರಿಕದ ಕ್ಲೈಂಬರ್ ಕ್ರಿಸ್ ಶರ್ಮಾ ಅಲ್ಲಿ ಬಯೋಗ್ರಫಿ ಅನ್ನೋ 9ಎ+ ರೂಟ್ ಹತ್ತಿದ ಮೇಲೆ ಆ ಬಂಡೆ ಹೆಸರು ಇನ್ನೂ ದೊಡ್ಡದಾಯ್ತು ನಿಜ, ಆದ್ರೆ ಅಲ್ಲಿಗೆ ದಿನಾ ಒಂದು ಗಂಟೆ ಏರು ಹತ್ತಬೇಕು, ಆ ಜಾಗದ ನಿಜವಾದ ಸಂಪತ್ತು ಶುರುವಾಗೋದೇ 7ಎ ಮೇಲೆ. ವೆರ್ದೋನ್‌ನಲ್ಲಿ ತುಂಬಾ ಕಡೆ ಮೇಲಿಂದ ರಾಪೆಲ್ ಮಾಡಿ, ಅಂದ್ರೆ ರೋಪ್ ಮೇಲೆ ಜಾರ್ಕೊಂಡು, ಕಣಿವೆ ಒಳಗೆ ಇಳಿದು ವಾಪಸ್ ಹತ್ಕೊಂಡೇ ಬರಬೇಕು, 6ಬಿಗೆ ಒದ್ದಾಡೋವಾಗ ಅಂಥ ಕಡೆ ಸಿಕ್ಕಾಕೊಳ್ಳೋದು ಬೇಡ.

ನಿಮಗೆ ನಾನು ಹೇಳೋದು ಓರ್ಪಿಯೇರ್. ಗಾಪ್ ಪಟ್ಟಣಕ್ಕೆ ನೈಋತ್ಯದಲ್ಲಿ, ಬ್ಯೂಯೆಷ್ ನದಿ ಸೀಮೆಯ ಪುಟ್ಟ ಹಳೇ ಊರು. ಯೂರೋಪಿನ ಕ್ಲೈಂಬರ್ಸ್‌ಗೆ ಗೊತ್ತಿರೋ ಊರೇ, ನಮ್ಮ ಕಡೆಯಿಂದ ಹೋಗೋರು ಮಾತ್ರ ಕಮ್ಮಿ. ಊರ ಬೀದಿಯಿಂದ ರೋಪ್ ಹೆಗಲಿಗೆ ಹಾಕ್ಕೊಂಡು ಹೊರಟ್ರೆ ಹತ್ತು ಹದಿನೈದು ನಿಮಿಷಕ್ಕೆ ಮೊದಲ ಬೋಲ್ಟ್ (ರೋಪ್ ಸಿಕ್ಕಿಸೋಕೆ ಕಲ್ಲಿಗೆ ಹೊಡೆದಿರೋ ಕೊಂಡಿ) ಕೆಳಗೆ ನಿಂತಿರ್ತೀರ. ನಾಲ್ಕು ಐದನೇ ಗ್ರೇಡ್‌ನಿಂದ ಹಿಡಿದು ಎಂಟರವರೆಗೂ ನೂರಾರು ರೂಟ್, ಅದರಲ್ಲಿ ನಿಮ್ಮ 5ಸಿಯಿಂದ 6ಬಿ+ ತನಕದ್ದೇ ರಾಶಿ. ಊರ ನೆತ್ತಿ ಮೇಲೆ ಕಿಕಿಯೋನ್ ಅಂತ ಒಂದು ದೊಡ್ಡ ಗೋಪುರದಂಥ ಬಂಡೆ ನಿಂತಿದೆ, ಅದರಲ್ಲಿ ಬೋಲ್ಟ್ ಹಾಕಿರೋ ಮಲ್ಟಿಪಿಚ್ ರೂಟ್‌ಗಳಿವೆ, ಅಂದ್ರೆ ಮಧ್ಯೆ ನಿಂತು ನಿಂತು ಹಂತ ಹಂತವಾಗಿ ಹತ್ತೋ ಉದ್ದದ ರೂಟ್, ಒಂದು ವಾರ ಕಳೆದು ಕೈ ಪಳಗಿದ ಮೇಲೆ ಅದನ್ನ ಹತ್ತಿ, ಆ ದಿನ ನಿಮಗೆ ಬಹಳ ಕಾಲ ನೆನಪಿರುತ್ತೆ. ಬಂಡೆಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರೋದ್ರಿಂದ ಚಳಿ ಇದ್ದ ದಿನ ಬಿಸಿಲಿನ ಕಡೆ, ಸೆಖೆ ಆದ್ರೆ ನೆರಳಿನ ಕಡೆ ಹೋಗ್ಬಹುದು, ಎರಡು ವಾರದ ಟ್ರಿಪ್‌ಗೆ ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಮಾರ್ಸೇಯಿಂದ ಗಾಪ್ ಕಡೆ ಹೋಗೋ ಟ್ರೈನ್ ಲಾರಾನ್ ಅನ್ನೋ ಸ್ಟೇಷನ್‌ನಲ್ಲಿ ನಿಲ್ಲುತ್ತೆ, ಅಲ್ಲಿಂದ ಮುಂದೆ ಹತ್ತು ಕಿಲೋಮೀಟರ್ ಮೇಲೇ ಇದೆ, ಟ್ಯಾಕ್ಸಿ ಮೊದಲೇ ಹೇಳಿಡಿ.

ಕಾರ್ ಸಹವಾಸವೇ ಬೇಡ ಅನ್ಸಿದ್ರೆ ಪಿರನೀಸ್ ಬುಡದ ಆರಿಯೇಜ್ ಜಿಲ್ಲೆ ನೋಡಿ. ತುಲೂಸ್‌ನಿಂದ ಆಕ್ಸ್ ಕಡೆ ಹೋಗೋ ಟ್ರೈನ್ ಫುವಾ, ತಾರಾಸ್ಕೋನ್, ಲೆ ಕಬಾನ್ ಅಂತ ನಿಂತ್ಕೊಂಡು ಹೋಗುತ್ತೆ, ತಾರಾಸ್ಕೋನ್‌ನಲ್ಲಿ ರೂಮ್ ಮಾಡಿದ್ರೆ ಸಿನ್ಸಾ ಬಂಡೆಗೆ ಲೆ ಕಬಾನ್‌ನಲ್ಲಿ ಇಳಿದು ನಡೆದೇ ಹೋಗ್ಬಹುದು. ಬೆದೇಯಾಕ್ ಊರ ಮೇಲಿನ ಕಲಾಮೆಸ್ ದಕ್ಷಿಣಕ್ಕೆ ಮುಖ ಮಾಡಿರೋ ಸುಣ್ಣಕಲ್ಲು, ಅಕ್ಟೋಬರ್‌ಗೆ ಹೇಳಿ ಮಾಡಿಸಿದ ಹಾಗಿದೆ. ಕೈ ಚರ್ಮ ಸುಲಿದು ರೆಸ್ಟ್ ಬೇಕಾದ ದಿನ ನಿಯೋ ಗುಹೆಗೆ ಹೋಗಿ, ಹತ್ತು ಸಾವಿರ ವರ್ಷಕ್ಕೂ ಹಿಂದೆ ಮನುಷ್ಯರು ಬಿಡಿಸಿದ ಕಾಡೆಮ್ಮೆ ಚಿತ್ರಗಳನ್ನ ಟಾರ್ಚ್ ಬೆಳಕಲ್ಲಿ ತೋರಿಸ್ತಾರೆ, ಒಳಗೆ ಬಿಡೋದು ಸ್ವಲ್ಪೇ ಜನರನ್ನ, ಹಾಗಾಗಿ ಮುಂಚೆನೇ ಬುಕ್ ಮಾಡಿ. ಹೊರಡೋ ಮೊದಲು ಟ್ರೈನ್ ಓಡ್ತಿದ್ಯಾ ಚೆಕ್ ಮಾಡ್ಕೊಳ್ಳಿ, ಹಳಿ ರಿಪೇರಿ ಅಂತ ಆಗಾಗ ಬಸ್ ಹಾಕ್ತಾರೆ.

ಅಕ್ಟೋಬರ್ ಒಳ್ಳೇ ತಿಂಗಳು, ಆದ್ರೆ ಕೆಲವು ವಿಷಯ ಗೊತ್ತಿರಲಿ. ಕ್ಯಾಂಪ್‌ಸೈಟ್‌ಗಳು ಸೆಪ್ಟೆಂಬರ್ ಕೊನೆಗೆ ಬಾಗಿಲು ಹಾಕೋಕೆ ಶುರು ಮಾಡ್ತವೆ, ಟೆಂಟ್ ನಂಬ್ಕೊಂಡು ಹೋಗ್ಬೇಡಿ, ಅಡುಗೆಮನೆ ಇರೋ ಜೀತ್ ಬುಕ್ ಮಾಡಿ, ಅಂದ್ರೆ ಹಳ್ಳಿ ಕಡೆ ದಿನ ಅಥವಾ ವಾರದ ಲೆಕ್ಕಕ್ಕೆ ಕೊಡೋ ಮನೆ. ಸಸ್ಯಾಹಾರಿಗಳಾದ್ರೆ ಅದು ಬೇಕೇ ಬೇಕು, ಹಳ್ಳಿ ಹೋಟೆಲ್‌ನಲ್ಲಿ ಸಲಾಡ್ ಮತ್ತೆ ಚೀಸ್ ಬಿಟ್ಟು ಜಾಸ್ತಿ ಏನೂ ಸಿಗಲ್ಲ. ಪುಯಿ ಅನ್ನೋ ಹಸಿರು ಲೆಂಟಿಲ್ ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ, ಕುಕ್ಕರ್ ಇಲ್ದೇನೇ ಅರ್ಧ ಗಂಟೆಗೆ ಬೇಯುತ್ತೆ, ಸಾರಿನ ಪುಡಿ ಮನೆಯಿಂದ ತಗೊಂಡು ಹೋಗಿ ಸಾಕು. ಹಳ್ಳಿ ಅಂಗಡಿ ಮಧ್ಯಾಹ್ನ ಮುಚ್ಚಿರುತ್ತೆ, ಭಾನುವಾರ ಮಧ್ಯಾಹ್ನದ ಮೇಲೆ ಪೂರ್ತಿ ಬಂದ್. ಅದು ಬೇಟೆ ಸೀಸನ್ ಕೂಡ, ಕಾಡಿನ ದಾರಿಯಲ್ಲಿ ಬೇಟೆ ನಡೀತಿದೆ ಅನ್ನೋ ಬೋರ್ಡ್ ಕಂಡ್ರೆ ಆ ಕಡೆ ಹೋಗ್ಬೇಡಿ, ಕಣ್ಣಿಗೆ ಹೊಡೆಯೋ ಬಣ್ಣದ ಜಾಕೆಟ್ ಹಾಕ್ಕೊಳ್ಳಿ.

ಕಲ್ಲಿನ ಬಗ್ಗೆ ಒಂದು ಮಾತು. ರಾಮನಗರದ ಗ್ರಾನೈಟ್‌ನಲ್ಲಿ ಪಾದ ಉಜ್ಜಿ ನಿಲ್ಲೋದು ಕಲಿತಿರ್ತೀರ, ಬಾದಾಮಿಯ ಮರಳುಗಲ್ಲಲ್ಲಿ ಅಡ್ಡ ಪಟ್ಟಿಗಳನ್ನ ಹಿಡಿದು ಅಭ್ಯಾಸ ಇರುತ್ತೆ, ಸುಣ್ಣಕಲ್ಲು ಇವೆರಡರ ಹಾಗೂ ಅಲ್ಲ. ಬೂದು ಬಣ್ಣದ ಕಡೆ ಮಳೆನೀರು ಹರಿದು ಹರಿದು ಒಂದು ಬೆರಳು ಎರಡು ಬೆರಳು ಹೋಗೋ ಗುಳಿ ಆಗಿರುತ್ತೆ, ಅಂಚು ಚೂಪು, ಕಾಲಿಡೋ ಜಾಗ ಕಣ್ಣಿಗೇ ಕಾಣಲ್ಲ ಆದ್ರೆ ಇರುತ್ತೆ. ಕಿತ್ತಳೆ ಹಳದಿ ಬಣ್ಣ ಕಂಡ್ರೆ ಅಲ್ಲಿಗೆ ಮಳೆ ತಾಗಲ್ಲ, ಅಂದ್ರೆ ಗೋಡೆ ಹೊರಗೆ ವಾಲಿದೆ, ಕಷ್ಟ ಜಾಸ್ತಿ, ಕೆಲವು ಸಲ ಕಲ್ಲೂ ಸಡಿಲ. ಮೊದಲ ಎರಡು ದಿನ ಬೂದು ಬಂಡೆಯಲ್ಲಿ 5ಬಿ, 5ಸಿ ಹತ್ತಿ, ನಿಮ್ಮ 6ಎ ತಾನಾಗೇ ಬರುತ್ತೆ. ಜನ ಕಮ್ಮಿ ಹತ್ತೋ ರೂಟ್‌ನಲ್ಲಿ ಹಿಡಿ ನುಣುಪಾಗಿರಲ್ಲ ಅನ್ನೋದು ಲಾಭ, ಸಡಿಲ ಕಲ್ಲು ಇನ್ನೂ ಉದುರಿ ಹೋಗಿರಲ್ಲ ಅನ್ನೋದು ಅಪಾಯ, ಅನುಮಾನ ಬಂದ ಹಿಡಿಯನ್ನ ಬೆರಳ ಗೆಣ್ಣಿಂದ ತಟ್ಟಿ ನೋಡಿ, ಟೊಳ್ಳು ಶಬ್ದ ಬಂದ್ರೆ ಎಳೀಬೇಡಿ. ಬಿಲೇ ಮಾಡೋರೂ, ಅಂದ್ರೆ ಹತ್ತೋರ ರೋಪ್ ಹಿಡಿದು ಕಾಯೋರೂ, ಹೆಲ್ಮೆಟ್ ತೆಗೀಬಾರ್ದು.

ಪ್ರಶ್ನೆ: ನೆದರ್ಲೆಂಡ್ಸ್‌ನಲ್ಲಿರೋ ಕನ್ನಡದ ಕುಟುಂಬ ನಮ್ಮದು. ರಜಕ್ಕೆ ದಕ್ಷಿಣ ಫ್ರಾನ್ಸ್‌ಗೆ ಕಾರಲ್ಲಿ ಹೋಗಿದ್ವಿ. ಆ್ಯಪ್‌ನಲ್ಲಿ ಚೆನ್ನಾಗಿದೆ ಅಂತಿದ್ದ ಒಂದು ಚಿಕ್ಕ ಬಂಡೆಗೆ ಹೋದ್ರೆ ದಾರಿಯಲ್ಲೇ ಕ್ಲೈಂಬಿಂಗ್ ನಿಷೇಧ ಅಂತ ಬೋರ್ಡ್. ಬೋಲ್ಟ್, ಚೈನ್ ಎಲ್ಲಾ ಹಾಗೇ ಇದೆ. ಯಾರೂ ಇರ್ಲಿಲ್ಲ, ಆದ್ರೂ ವಾಪಸ್ ಬಂದ್ವಿ. ಯಾಕೆ ಹೀಗೆ ಮುಚ್ತಾರೆ? ಮೊದಲೇ ತಿಳ್ಕೊಳ್ಳೋದು ಹೇಗೆ?

ವಾಪಸ್ ಬಂದಿದ್ದು ಬಹಳ ಒಳ್ಳೇದು ಮಾಡಿದ್ರಿ, ಮನಸ್ಸಿಂದ ಹೇಳ್ತಿದ್ದೀನಿ.

ಅದರ ಹಿಂದೆ ಒಂದು ದೊಡ್ಡ ಕಥೆ ಇದೆ. 2010ರಲ್ಲಿ ಪರ್ಪಿನ್ಯಾನ್ ಹತ್ತಿರದ ವಾಂಗ್ರೋ ಅನ್ನೋ ಬಂಡೆಯಲ್ಲಿ ಒಂದು ದೊಡ್ಡ ಕಲ್ಲು ಕಿತ್ಕೊಂಡು ಬಂದು ಕ್ಲೈಂಬರ್ಸ್‌ಗೆ ತುಂಬಾ ಗಂಭೀರ ಗಾಯ ಆಯ್ತು. ಆ ಜಾಗದ ಉಸ್ತುವಾರಿ ಒಪ್ಪಂದದ ಮೇಲೆ ಫ್ರಾನ್ಸ್‌ನ ಕ್ಲೈಂಬಿಂಗ್ ಫೆಡರೇಷನ್ ಹತ್ರ ಇತ್ತು, ಕೋರ್ಟ್ ಹೇಳಿದ್ದು ಏನಂದ್ರೆ ಫೆಡರೇಷನ್‌ದು ತಪ್ಪು ಇದೆಯೋ ಇಲ್ವೋ ಅನ್ನೋ ಪ್ರಶ್ನೆನೇ ಇಲ್ಲ, ವಸ್ತು ಯಾರ ಸುಪರ್ದಿಯಲ್ಲಿದೆಯೋ ಅವರೇ ಹೊಣೆ, ಪರಿಹಾರ ಹತ್ತು ಲಕ್ಷ ಯೂರೋಗೂ ಮೇಲೆ. 2020ರಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡೀತು, ಫೆಡರೇಷನ್ ನೂರಾರು ಬಂಡೆಗಳ ಒಪ್ಪಂದ ಬಿಟ್ಟುಕೊಡ್ತು, ಆಗ ಜಮೀನಿನ ಮಾಲೀಕರಿಗೆ, ಚಿಕ್ಕ ಚಿಕ್ಕ ಪಂಚಾಯ್ತಿಗಳ ಮೇಯರ್‌ಗಳಿಗೆ ಭಯ ಆಯ್ತು, ನಾಳೆ ಯಾರೋ ಬಿದ್ರೆ ನಮ್ಮ ಮನೆ ಮಾರ್ಬೇಕಾ ಅಂತ, ಕೆಲವರು ಬೋರ್ಡ್ ಹಾಕಿ ಮುಚ್ಚಿಬಿಟ್ರು. ಹೊಲ, ಕಾಡು ಸ್ವಂತದ್ದು ಇರೋ ಸಾಮಾನ್ಯ ಜನ ಅವರು, ಆ ಭಯ ನ್ಯಾಯವಾದದ್ದೇ. 2022ರ ಫೆಬ್ರವರಿಯಲ್ಲಿ ಕಾನೂನು ಬದಲಾಯ್ತು, ಆಟದಲ್ಲೇ ಇರೋ ಸಹಜ ಅಪಾಯದಿಂದ ಆದ ನಷ್ಟಕ್ಕೆ ಜಾಗದವರನ್ನ ಮೊದಲಿನ ಹಾಗೆ ತಪ್ಪೇ ಇಲ್ದೆ ಹೊಣೆ ಮಾಡೋ ಹಾಗಿಲ್ಲ. ಅದಾದ್ಮೇಲೆ ಕೆಲವು ಕಡೆ ಮತ್ತೆ ತೆಗೆದಿದ್ದಾರೆ, ಎಲ್ಲಾ ಕಡೆ ಅಲ್ಲ, ಒಂದೊಂದು ಜಾಗಕ್ಕೂ ಲೋಕಲ್ ಕ್ಲಬ್‌ನವರು ಕೂತು ಮಾತಾಡಿ ಒಪ್ಪಿಸ್ಬೇಕು. ನಿಷೇಧ ಇರೋ ಬಂಡೆಗೆ ಒಬ್ರು ಹತ್ತಿ ಫೋಟೋ ಹಾಕಿದ್ರೆ ಅವರು ವರ್ಷಗಟ್ಟಲೆ ಪಟ್ಟ ಶ್ರಮ ಹಾಳು.

ಮುಚ್ಚೋಕೆ ಬೇರೆ ಕಾರಣಗಳೂ ಇವೆ. ಚಳಿಗಾಲದ ಕೊನೆಯಿಂದ ಬೇಸಿಗೆ ಶುರುವಿನ ತನಕ ಹದ್ದು ಗಿಡುಗಗಳು ಗೂಡು ಕಟ್ಟೋ ಗೋಡೆಗಳನ್ನ ಬಿಡ್ಬೇಕು. ಮಿಯೋ ಪಟ್ಟಣದ ಹತ್ತಿರ ಜೋಂಟ್ ಕಣಿವೆಗೆ ಹೋದ್ರೆ ಇದು ಎಷ್ಟು ಬೆಲೆಬಾಳೋ ನಿಯಮ ಅಂತ ಗೊತ್ತಾಗುತ್ತೆ, ಅಲ್ಲಿ ಪೂರ್ತಿ ಇಲ್ಲವಾಗಿದ್ದ ರಣಹದ್ದುಗಳನ್ನ 1981ರಿಂದ ಮತ್ತೆ ತಂದು ಬಿಟ್ರು, ಈಗ ನೀವು ಬಿಲೇ ಸ್ಟೇಷನ್‌ನಲ್ಲಿ ನಿಂತಿದ್ರೆ ಕಣ್ಣ ಮಟ್ಟದಲ್ಲೇ ರೆಕ್ಕೆ ಅಲ್ಲಾಡಿಸ್ದೆ ತೇಲಿ ಹೋಗ್ತವೆ. ಬೇಸಿಗೆಯಲ್ಲಿ ಮೆಡಿಟರೇನಿಯನ್ ಕಡೆ ಕಾಡ್ಗಿಚ್ಚಿನ ಭಯಕ್ಕೆ ದಿನದ ಲೆಕ್ಕದಲ್ಲಿ ಕಾಡು ಮುಚ್ತಾರೆ.

ತಿಳ್ಕೊಳ್ಳೋಕೆ ಆ್ಯಪ್ ಒಂದೇ ಸಾಲದು. ಪಂಚಾಯ್ತಿ ಆಫೀಸಿನ ವೆಬ್‌ಸೈಟ್, ಟೂರಿಸ್ಟ್ ಆಫೀಸ್, ಆ ಜಿಲ್ಲೆಯ ಕ್ಲಬ್‌ನ ಪೇಜ್ ನೋಡಿ, ಅಲ್ಲಿ ಇಳಿದ ತಕ್ಷಣ ಲೋಕಲ್ ತೋಪೋ ಕೊಳ್ಳಿ. ತೋಪೋ ಅಂದ್ರೆ ಆ ಬಂಡೆಯ ಗೈಡ್‌ಬುಕ್, ಸ್ಪೋರ್ಟ್ಸ್ ಅಂಗಡಿಯಲ್ಲೋ ಸಿಗರೇಟು, ನ್ಯೂಸ್‌ಪೇಪರ್ ಮಾರೋ ಅಂಗಡಿಯಲ್ಲೋ ಸಿಗುತ್ತೆ, ಎಷ್ಟೋ ಕಡೆ ಆ ದುಡ್ಡಲ್ಲೇ ಹಳೇ ಬೋಲ್ಟ್ ಕಿತ್ತು ಹೊಸದು ಹಾಕ್ತಾರೆ. ಅದನ್ನ ಫೋಟೋ ಹೊಡ್ಕೊಂಡು ಕೆಲಸ ಮುಗಿಸೋದು ಸರಿಯಲ್ಲ.

ಪ್ರಶ್ನೆ: ನಮ್ಮ ಹತ್ರ 60 ಮೀಟರ್ ರೋಪ್, 12 ಕ್ವಿಕ್‌ಡ್ರಾ (ರೋಪನ್ನ ಬೋಲ್ಟ್‌ಗೆ ಸಿಕ್ಕಿಸೋ ಕ್ಲಿಪ್) ಇದೆ. ಸಾಕಾ?

ಸಾಲಲ್ಲ. ಹೊಸದು ತಗೊಳ್ಳೋದಾದ್ರೆ 80 ಮೀಟರ್ ತಗೊಳ್ಳಿ, ಓರ್ಪಿಯೇರ್‌ನಂಥ ಕಡೆ 70ರಲ್ಲಿ ತುಂಬಾ ರೂಟ್ ಆಗುತ್ತೆ, ತಾರ್ನ್ ಕಣಿವೆಯಲ್ಲಿ ಕೆಲವಕ್ಕೆ 80 ಕೂಡ ಸಾಲಲ್ಲ. ಕ್ವಿಕ್‌ಡ್ರಾ 16ರಿಂದ 18. ರೋಪ್ ಎಷ್ಟೇ ಉದ್ದ ಇರ್ಲಿ ಕೆಳಗಿನ ತುದಿಗೆ ಗಂಟು ಹಾಕಿ, ಇಳಿಸೋವಾಗ ತುದಿ ಬಿಲೇ ಡಿವೈಸ್‌ನಿಂದ ಜಾರಿ ಜನ ಬೀಳೋದು ಎಲ್ಲಾ ದೇಶದಲ್ಲೂ ನಡೆಯೋ ಅಪಘಾತ, ಒಂದು ಗಂಟಿಂದ ತಪ್ಪುತ್ತೆ. ಮೇಲಿನ ಆಂಕರ್‌ನಲ್ಲಿ, ಅಂದ್ರೆ ರೂಟ್ ತುದಿಯಲ್ಲಿ ರೋಪ್ ಹಾಕೋ ಜಾಗದಲ್ಲಿ, ತುಂಬಾ ಕಡೆ ಮುಚ್ಚಿದ ರಿಂಗ್ ಇರುತ್ತೆ, ರೋಪ್ ಬಿಚ್ಚಿ ಅದರೊಳಗೆ ತೂರಿಸಿ ಮತ್ತೆ ಕಟ್ಕೊಳ್ಳೋದನ್ನ ಊರಲ್ಲೇ ನೆಲದ ಮೇಲೆ ನಿಂತು ಕಣ್ಣು ಮುಚ್ಕೊಂಡು ಮಾಡೋಷ್ಟು ಪ್ರಾಕ್ಟೀಸ್ ಮಾಡಿ.

ಪ್ರಶ್ನೆ: ವೀಸಾಗೆ ಮಾಡ್ಸೋ ಟ್ರಾವೆಲ್ ಇನ್ಶೂರೆನ್ಸ್ ಕ್ಲೈಂಬಿಂಗ್‌ಗೂ ಆಗುತ್ತಾ?

ಆಗುತ್ತೆ ಅಂತ ಅಂದ್ಕೋಬೇಡಿ. ಶೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಕವರ್ ಇರೋ ಪಾಲಿಸಿ ಕೇಳ್ತಾರೆ, ಆದ್ರೆ ಅಂಥ ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆ ಹೊರಗಿಟ್ಟಿರ್ತಾರೆ. ಫ್ರಾನ್ಸ್‌ನಲ್ಲಿ ಬೆಟ್ಟದಿಂದ ಇಳಿಸಿ ತರೋ ಸರ್ಕಾರಿ ರೆಸ್ಕ್ಯೂಗೆ ಸಾಮಾನ್ಯವಾಗಿ ದುಡ್ಡು ತಗೊಳ್ಳಲ್ಲ, 112ಕ್ಕೆ ಫೋನ್ ಮಾಡಿದ್ರೆ ಬರ್ತಾರೆ, ಆದ್ರೆ ಆಸ್ಪತ್ರೆ ಬಿಲ್ ನಿಮ್ಮದೇ, ಕಾಲು ಮುರಿದ್ರೆ ಅದು ಸಣ್ಣ ಮೊತ್ತ ಅಲ್ಲ. ಪಾಲಿಸಿ ಕೊಳ್ಳೋ ಮೊದಲು ಕಂಪನಿಗೆ ಮೇಲ್ ಹಾಕಿ, ರೋಪ್ ಹಾಕ್ಕೊಂಡು ಬಂಡೆ ಹತ್ತೋದು ಕವರ್ ಆಗುತ್ತಾ ಅಂತ ನೇರವಾಗಿ ಕೇಳಿ, ಉತ್ತರ ಬರವಣಿಗೆಯಲ್ಲಿ ಬರೋ ತನಕ ದುಡ್ಡು ಕಟ್ಟಬೇಡಿ. ಆ ಮೇಲ್‌ನ ಪ್ರಿಂಟ್ ಒಂದು, ಪಾಸ್‌ಪೋರ್ಟ್ ಜೆರಾಕ್ಸ್ ಒಂದು ಕ್ಲೈಂಬಿಂಗ್ ಬ್ಯಾಗ್‌ನಲ್ಲಿ ಇಟ್ಕೊಂಡಿರಿ, ಬಂಡೆ ಕೆಳಗೆ ನಿಲ್ಲಿಸಿದ ಕಾರ್‌ನಲ್ಲಿ ಮಾತ್ರ ಬೇಡ, ಅಂಥ ಪಾರ್ಕಿಂಗ್‌ಗಳಲ್ಲಿ ಗಾಜು ಒಡೆದು ಕದಿಯೋದು ಇದ್ದೇ ಇದೆ.