ಎಪ್ಪತ್ತು ದಾಟಿದ ರೈಟರನ್ನು ಗುಂಪು ವಿಮೆಯಿಂದ ತೆಗೆಯಬಹುದೇ?

ಪ್ರಶ್ನೆ: ಕುಶಾಲನಗರದಲ್ಲಿ ನಮ್ಮದು ಕಾಫಿ ಬೀಜ ಹುರಿದು ಪುಡಿ ಮಾಡುವ ಸಣ್ಣ ಘಟಕ. ಒಂಬತ್ತು ಜನ ಕೆಲಸಗಾರರು. ಪ್ರತಿಯೊಬ್ಬರಿಗೂ ಮೂರು ಲಕ್ಷ ರೂಪಾಯಿಯ ಗುಂಪು ಆರೋಗ್ಯ ವಿಮೆ ಮಾಡಿಸಿದ್ದೇನೆ. ನಮ್ಮ ರೈಟರು, ಅಂದರೆ ಲೆಕ್ಕಪತ್ರ ಬರೆಯುವವರು, ಮಾಜಿ ಸೈನಿಕರು, ಈಗ 71 ವರ್ಷ, ಸಂಬಳ 18,000. ಎಪ್ಪತ್ತು ದಾಟಿದವರಿಗೆ ಸರ್ಕಾರವೇ ಐದು ಲಕ್ಷ ಕೊಡುತ್ತದೆ, ಅವರ ಹೆಸರು ತೆಗೆದರೆ ಪ್ರೀಮಿಯಂ ಇಳಿಯುತ್ತದೆ ಎನ್ನುತ್ತಾರೆ ಏಜೆಂಟರು. ಸಣ್ಣ ಸಂಸ್ಥೆಯಾದರೆ ಸರ್ಕಾರದ ವಿಮೆಯೇ ಮೊದಲು ಎಂದು ಅಮೆರಿಕದಲ್ಲಿರುವ ಮಗನೂ ಹೇಳುತ್ತಾನೆ. ಏನು ಮಾಡಲಿ?

ಉತ್ತರ: ಮಗ ಹೇಳಿದ್ದು ಅವನಿರುವ ಊರಿಗೆ ಸರಿ. ಅಲ್ಲಿ 65 ದಾಟಿಯೂ ದುಡಿಯುವವರ ಬಿಲ್ಲು, ಸಂಸ್ಥೆಯಲ್ಲಿ 20ಕ್ಕಿಂತ ಕಡಿಮೆ ನೌಕರರಿದ್ದರೆ ಮೊದಲು ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಹೋಗುತ್ತದೆ. 20 ಅಥವಾ ಹೆಚ್ಚಿದ್ದರೆ ಮೊದಲು ಕಂಪನಿಯ ವಿಮೆಗೆ. ನಮ್ಮಲ್ಲಿ ಹೀಗೆ ತಲೆ ಎಣಿಸಿ ಸರದಿ ನಿಗದಿ ಮಾಡುವ ಪದ್ಧತಿ ಇಲ್ಲ.

ಏಜೆಂಟರ ಲೆಕ್ಕವೂ ಸುಳ್ಳಲ್ಲ. ಒಂಬತ್ತು ಜನರ ಗುಂಪಿನಲ್ಲಿ ಒಬ್ಬ ಹಿರಿಯರಿದ್ದರೆ ಸಾಕು, ದರ ಏರುತ್ತದೆ. ಆದರೂ ತೆಗೆಯಬೇಡಿ. ಏಜೆಂಟರು ಹೇಳಿದ ಐದು ಲಕ್ಷದ ಸರ್ಕಾರಿ ಯೋಜನೆ, ಅಂದರೆ ಅಕ್ಟೋಬರ್ 2024ರಲ್ಲಿ ಆರಂಭವಾದ ಆಯುಷ್ಮಾನ್ ವಯ ವಂದನಾ, ಆದಾಯ ನೋಡುವುದಿಲ್ಲ. ಖಾಸಗಿ ವಿಮೆ ಇದ್ದವರನ್ನೂ ಹೊರಗಿಡುವುದಿಲ್ಲ. ಆದರೆ ಕಾರ್ಡ್ ಜೇಬಿನಲ್ಲಿರುವುದು ಬೇರೆ, ಎದುರಿಗಿರುವ ಆಸ್ಪತ್ರೆ ಅದನ್ನು ಒಪ್ಪುವುದು ಬೇರೆ. ಒಪ್ಪಿ ಯೋಜನೆ ನಿಗದಿ ಮಾಡಿದ ಪ್ಯಾಕೇಜ್ ದರದಲ್ಲಿ ಚಿಕಿತ್ಸೆ ಕೊಟ್ಟರೆ ರೋಗಿಯಿಂದ ಮತ್ತೆ ಹಣ ಕೇಳುವಂತಿಲ್ಲ, ಹಾಗಾಗಿ ಅದೇ ಬಿಲ್ಲನ್ನು ನಿಮ್ಮ ಪಾಲಿಸಿಯಲ್ಲಿ ಕೇಳಲು ಏನೂ ಉಳಿಯುವುದಿಲ್ಲ. ಒಪ್ಪದಿದ್ದಾಗ ಕೈಹಿಡಿಯುವುದು ಗುಂಪು ವಿಮೆಯೇ.

ಕೊಡಗಿನಿಂದ ಇಂಥ ಪತ್ರ ಬಂದಾಗ ನಾನು ಮೊದಲು ಹುಡುಕುವುದು 'ಮಾಜಿ ಸೈನಿಕ' ಎಂಬ ಪದವನ್ನು. ನಿಮ್ಮ ರೈಟರ ಬಳಿ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಇದೆಯೇ ಎಂದು ಇವತ್ತೇ ಕೇಳಿ. ಇದ್ದರೆ ಅವರು ಅದನ್ನಾಗಲಿ ವಯ ವಂದನಾವನ್ನಾಗಲಿ ಒಂದನ್ನೇ ಆರಿಸಿಕೊಳ್ಳಬೇಕು. ಎರಡೂ ಜೊತೆಗೆ ನಡೆಯುವುದಿಲ್ಲ. ಐದು ಲಕ್ಷ ಎಂಬ ಅಂಕಿ ನೋಡಿ ಇಸಿಎಚ್‌ಎಸ್ ಬಿಟ್ಟುಕೊಡುವುದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯಾಪಾರ. ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ನಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತಿಂಗಳು ತಿಂಗಳು ಸಿಗುತ್ತದೆ, ಹೆಂಡತಿಗೂ ಅದರಲ್ಲಿ ಚಿಕಿತ್ಸೆ ಇದೆ. ವಯ ವಂದನಾ ಇರುವುದು ಆಸ್ಪತ್ರೆ ಸೇರಿದಾಗಿನ ಖರ್ಚಿಗೆ. ಹೆಂಡತಿಗೆ ಎಪ್ಪತ್ತಾಗದಿದ್ದರೆ ಅದು ಅವರಿಗಿಲ್ಲ. ಆಗಿದ್ದರೆ ಅದೇ ಐದು ಲಕ್ಷದಲ್ಲಿ ಇಬ್ಬರಿಗೂ ಪಾಲು.

ಇಸಿಎಚ್‌ಎಸ್ ಇದ್ದ ಮೇಲೆ ಗುಂಪು ವಿಮೆ ಯಾಕೆ ಎಂದು ನೀವು ಕೇಳಬಹುದು. ಜುಲೈ ಮಳೆಯ ನಡುರಾತ್ರಿ ಎದೆನೋವು ಬಂತೆನ್ನಿ. ಹತ್ತಿರದ ಆಸ್ಪತ್ರೆ ಇಸಿಎಚ್‌ಎಸ್ ಪಟ್ಟಿಯಲ್ಲಿ ಇಲ್ಲದಿದ್ದರೆ ಮೊದಲು ಕೈಯಿಂದ ಕಟ್ಟಿ, ಆಮೇಲೆ ಇಸಿಎಚ್‌ಎಸ್ ದರಕ್ಕೆ ಸಿಗುವಷ್ಟನ್ನು ಮರಳಿ ಪಡೆಯಬೇಕು. ಆ ಆಸ್ಪತ್ರೆ ನಿಮ್ಮ ವಿಮೆಯ ಪಟ್ಟಿಯಲ್ಲಿದ್ದರೆ ಮನೆಯವರು ಆ ಹೊತ್ತಿನಲ್ಲಿ ಹಣಕ್ಕೆ ಓಡಬೇಕಾಗಿಲ್ಲ. ಒಂದು ಎಚ್ಚರ: ಎಷ್ಟು ಕಡೆ ಕ್ಲೇಮ್ ಹಾಕಿದರೂ ಬರುವ ಒಟ್ಟು ಹಣ ಬಿಲ್ಲನ್ನು ಮೀರುವಂತಿಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ನೀವು ಒಂಬತ್ತರಲ್ಲಿ ನಿಂತಿದ್ದೀರಿ. ಹತ್ತಾದ ಕೂಡಲೇ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅನ್ವಯಿಸುತ್ತದೆ. ಸಂಬಳ 21,000 ಮೀರದ ಎಲ್ಲರೂ ಅದರೊಳಗೆ ಬರುತ್ತಾರೆ, ವಯಸ್ಸಿನ ಮಿತಿ ಇಲ್ಲದ್ದರಿಂದ ರೈಟರೂ ಬರುತ್ತಾರೆ. ನಿಮ್ಮ ಪಾಲು ಶೇಕಡ 3.25, ಅವರದ್ದು 0.75, 18,000ಕ್ಕೆ ತಿಂಗಳಿಗೆ ನೀವು 585, ಅವರು 135 ರೂಪಾಯಿ. ಮುಂದೆ ಜನ ಎಂಟಕ್ಕೆ ಇಳಿದರೂ ಇಎಸ್‌ಐ ಬಿಟ್ಟುಹೋಗುವುದಿಲ್ಲ. ಹಂಗಾಮಿನಲ್ಲಿ ಮೂಟೆ ಎತ್ತಲು ಕರೆಸಿಕೊಳ್ಳುವ ದಿನಗೂಲಿಯವನೂ ಆ ಹತ್ತರ ಲೆಕ್ಕಕ್ಕೆ ಸೇರುತ್ತಾನೆ.