ಆತಂಕವನ್ನು ಬಸುರಿಯೊಬ್ಬಳೇ ಹೊರಬೇಕೇ?

(ಪತ್ರದ ಸಾರ: ಕೋವಿಡ್ ಹರಡಿದ್ದ 2020ರಲ್ಲಿ ನನ್ನ ಮೊದಲ ಹೆರಿಗೆಯಾಯಿತು. ತಪಾಸಣೆಗೆ ಹೋಗಲೂ ಭಯವಾಗುತ್ತಿತ್ತು, ಹೆರಿಗೆಯ ಕೋಣೆಯಲ್ಲಿ ಜೊತೆಗೆ ಯಾರೂ ಇರಲಿಲ್ಲ, ಬಾಣಂತನಕ್ಕೆ ಅಮ್ಮ ಬರಲಾಗಲಿಲ್ಲ. ‘ನೀನು ಚಿಂತಿಸಿದರೆ ಮಗುವಿಗೆ ಪೆಟ್ಟು’ ಎಂದು ಎಲ್ಲರೂ ಎಚ್ಚರಿಸುತ್ತಿದ್ದರು. ಈಗ ಮತ್ತೆ ಬಸುರಿ. ಅಂದಿನ ಆತಂಕದಿಂದ ಮಗುವಿಗೆ ಹಾನಿಯಾಗಿರಬಹುದೇ? ಅಂಥ ಕಾಲ ಮತ್ತೆ ಬಂದರೆ ಹೇಗೆ ನಿಭಾಯಿಸಲಿ?)

ಮಾನ್ಯರೇ,

ಒತ್ತಡದಲ್ಲಿ ತಾಯಿಯ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ. ಆದರೆ ಜರಾಯುವಿನಲ್ಲಿರುವ ಕಿಣ್ವವೊಂದು ಅದರ ಬಹುಪಾಲನ್ನು ಮಗುವನ್ನು ತಲುಪುವ ಮೊದಲೇ ನಿಷ್ಕ್ರಿಯಗೊಳಿಸುತ್ತದೆ. ದೀರ್ಘಕಾಲದ ತೀವ್ರ ಒತ್ತಡಕ್ಕೂ ಅವಧಿಪೂರ್ವ ಹೆರಿಗೆಗೂ ನಂಟಿದೆಯೆಂದು ಅಧ್ಯಯನಗಳು ತೋರಿಸಿವೆ, ನಿಜ. ಆದರೆ ಅದು ಸಾವಿರಾರು ತಾಯಂದಿರನ್ನು ಒಟ್ಟಾಗಿ ನೋಡಿದಾಗ ಕಾಣುವ ಒಲವೇ ಹೊರತು ನಿಮ್ಮ ಮಗುವಿನ ಜಾತಕವಲ್ಲ. ‘ಚಿಂತಿಸಬೇಡ’ ಎಂದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಿರಬಹುದು. ಆದರೂ ಆ ಮಾತು ಚಿಂತೆಯ ಮೇಲೆ ಅಪರಾಧಭಾವವನ್ನೂ ಹೇರುತ್ತದೆ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಭಯ ದುರ್ಬಲ ಮನಸ್ಸಿನ ಕಲ್ಪನೆಯೂ ಆಗಿರಲಿಲ್ಲ. ಗರ್ಭಿಣಿಯರಲ್ಲಿ ಕೋವಿಡ್ ತೀವ್ರಗೊಳ್ಳುವ ಅಪಾಯ ಹೆಚ್ಚೆಂಬುದು ಮುಂದೆ ಖಚಿತವಾಯಿತು. ಲಸಿಕೆಯ ಮೊದಲ ದೊಡ್ಡ ಪರೀಕ್ಷೆಗಳಿಂದ ಗರ್ಭಿಣಿಯರನ್ನು ಹೊರಗಿಟ್ಟಿದ್ದರಿಂದ, ಲಸಿಕೆ ಬಂದಾಗ ಅವರಿಗೆ ಖಚಿತ ಉತ್ತರ ಕೊಡುವುದು ವೈದ್ಯರಿಗೂ ಕಷ್ಟವಾಗಿತ್ತು. ಆ ದಿನಗಳ ಅಧ್ಯಯನಗಳು ಗರ್ಭಿಣಿಯರ ಒತ್ತಡದಲ್ಲಿ ಎರಡು ಎಳೆಗಳನ್ನು ಗುರುತಿಸಿದವು: ಒಂದು ಸೋಂಕಿನ ಭಯ, ಇನ್ನೊಂದು ಹೆರಿಗೆಗೆ ಯಾವ ಸಿದ್ಧತೆಯೂ ಆಗಿಲ್ಲವೆಂಬ ತಳಮಳ. ಈ ಎರಡನೆಯದನ್ನು ಮನೆಯವರೂ ಆಸ್ಪತ್ರೆಯವರೂ ಬಹುಮಟ್ಟಿಗೆ ಇಳಿಸಬಲ್ಲರು. ನಿಭಾಯಿಸುವ ಹೊಣೆಯನ್ನೆಲ್ಲ ಬಸುರಿಯ ಮೇಲೆ ಹಾಕಿ ಧ್ಯಾನ ಮಾಡು, ನಗುತ್ತಿರು ಎನ್ನುವ ಸಲಹೆಗಳು ನನಗೆ ಅಷ್ಟಾಗಿ ಒಪ್ಪಿಗೆಯಾಗದಿರುವುದು ಇದಕ್ಕಾಗಿಯೇ.

ಆದ್ದರಿಂದ ಮಸುಕಾದ ಆತಂಕವನ್ನು ಉತ್ತರವಿರುವ ಪ್ರಶ್ನೆಗಳಾಗಿ ಬಿಡಿಸಿಕೊಂಡು ಆಸ್ಪತ್ರೆಯಲ್ಲಿ ಮೊದಲೇ ಕೇಳಿ. ಹೆರಿಗೆಯ ಹೊತ್ತಿನಲ್ಲಿ ಜೊತೆಗೆ ಯಾರಿರಬಹುದು, ಅವರಿಗೇ ಸೋಂಕು ತಗುಲಿದರೆ ಬದಲಿಗೆ ಯಾರು, ಯಾವ ತಪಾಸಣೆ ಫೋನಿನಲ್ಲಿ ಸಾಧ್ಯ, ಯಾವುದಕ್ಕೆ ಬರಲೇಬೇಕು? ರಕ್ತಸ್ರಾವ, ಮಗುವಿನ ಚಲನೆ ಕಡಿಮೆಯಾಗುವುದು, ಕಣ್ಣು ಮಂಜಾಗಿಸುವ ತೀವ್ರ ತಲೆನೋವು ಇವುಗಳಲ್ಲಿ ಯಾವುದು ಕಂಡರೂ ಸೋಂಕಿಗೆ ಅಂಜಿ ಮನೆಯಲ್ಲಿ ಕೂರುವಂತಿಲ್ಲ. ತಾಯಿ ಬಯಸಿದವರೊಬ್ಬರು ಹೆರಿಗೆಯಲ್ಲಿ ಜೊತೆಗಿರಬೇಕೆಂದೂ, ಸೋಂಕಿತ ತಾಯಿಯೂ ಮಾಸ್ಕ್ ಧರಿಸಿ ಕೈತೊಳೆದು ಎದೆಹಾಲುಣಿಸಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ಹಲವು ಆಸ್ಪತ್ರೆಗಳು ಅದನ್ನು ಪಾಲಿಸಲಿಲ್ಲವೆಂಬುದು ಬೇರೆ ಮಾತು.

ಸುದ್ದಿಯನ್ನು ದಿನಕ್ಕೊಮ್ಮೆ ನೋಡಿದರೆ ಸಾಕು. ನಡಿಗೆ, ನಿಧಾನ ಉಸಿರಾಟ ಇವೂ ಒಳ್ಳೆಯವೇ. ಆದರೆ ಬಾಣಂತಿಗೆ ಎಲ್ಲಕ್ಕಿಂತ ಬೇಕಾದದ್ದು ನಿದ್ದೆ. ಹೊರಗಿನಿಂದ ಯಾರೂ ಬರಲಾಗದಿದ್ದಾಗ, ರಾತ್ರಿಯ ಒಂದು ಪಾಳಿಯಲ್ಲಿ ಮಗುವನ್ನು ಪೂರ್ತಿಯಾಗಿ ನೋಡಿಕೊಂಡು ಆಕೆಗೆ ಕೆಲವು ಗಂಟೆಗಳ ಅಖಂಡ ನಿದ್ದೆ ಒದಗಿಸುವುದು ಗಂಡನ ಕೆಲಸ. ಅದನ್ನು ‘ಸಹಾಯ’ವೆಂದು ಕರೆಯುವುದೂ ತಪ್ಪು. ದೂರದಲ್ಲಿರುವ ಅಮ್ಮ ದಿನವೂ ಗೊತ್ತಾದ ಹೊತ್ತಿಗೆ ವಿಡಿಯೊ ಕರೆಯಲ್ಲಿ ಸಿಕ್ಕರೆ, ಮಗುವಿಗೆ ಹಾಲು ಹಿಡಿಸುವ ಬಗೆಯನ್ನೂ ಅಲ್ಲಿಂದಲೇ ತೋರಿಸಬಲ್ಲರು.

ಇಷ್ಟರಿಂದ ಹೋಗದ ನೋವೂ ಇದೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ಅದು ತಾನೇ ತಿಳಿಯಾಗುತ್ತದೆ. ಅದನ್ನೂ ಮೀರಿ ಉಳಿದ ಬೇಸರ, ಮಗು ಮಲಗಿದರೂ ಬಾರದ ನಿದ್ದೆ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಖಿನ್ನತೆಯ ಲಕ್ಷಣಗಳಾಗಿರಬಹುದು. ಸಾಂಕ್ರಾಮಿಕವಿಲ್ಲದ ಕಾಲದಲ್ಲೂ ಜಗತ್ತಿನಲ್ಲಿ ಸುಮಾರು 10% ಗರ್ಭಿಣಿಯರು, 13% ಬಾಣಂತಿಯರು ಮಾನಸಿಕ ಕಾಯಿಲೆಯನ್ನು, ಮುಖ್ಯವಾಗಿ ಖಿನ್ನತೆಯನ್ನು, ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಣಂತಿಯರಲ್ಲಿ ಖಿನ್ನತೆಯ ಸುಳಿವನ್ನು ಗುರುತಿಸಲು 1987ರಲ್ಲಿ ಪ್ರಕಟವಾದ ಎಡಿನ್‌ಬರೊ ಮಾಪಕದ 10 ಪ್ರಶ್ನೆಗಳನ್ನು ಫೋನಿನಲ್ಲೂ ಕೇಳಬಹುದು. ಆಪ್ತಸಮಾಲೋಚನೆಯೂ ಫೋನಿನಲ್ಲಿ ಸಾಧ್ಯ. ಎದೆಹಾಲುಣಿಸುವಾಗ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ, ಆಯ್ಕೆ ವೈದ್ಯರದ್ದು. ತನಗೋ ಮಗುವಿಗೋ ಹಾನಿ ಮಾಡಿಕೊಳ್ಳುವ ಯೋಚನೆ ಬಂದರೆ, ಇಲ್ಲದ ದನಿಗಳು ಕೇಳಿಸಿದರೆ, ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೊದಲ ಬಾಣಂತನದಲ್ಲಿ ನಿಮಗೆ ಹೀಗೇನಾದರೂ ಆಗಿತ್ತೆಂದು ಈಗ ಅನ್ನಿಸಿದರೆ ಮುಂದಿನ ತಪಾಸಣೆಯಲ್ಲೇ ಹೇಳಿಬಿಡಿ. ಒಮ್ಮೆ ಬಂದ ಖಿನ್ನತೆ ಮರಳುವ ಸಾಧ್ಯತೆ ಹೆಚ್ಚು. ಮೊದಲೇ ತಿಳಿದಿದ್ದರೆ ವೈದ್ಯರು ಹೆರಿಗೆಯ ನಂತರದ ವಾರಗಳಲ್ಲಿ ನಿಮ್ಮನ್ನು ಬೇಗ ಬೇಗ ವಿಚಾರಿಸುವ ಏರ್ಪಾಡು ಮಾಡಿಕೊಳ್ಳಬಹುದು.

– ಸಂ.